ತೊಗರಿ ಕಾಳಿನಷ್ಟು ಚಂದ್ರ

"ತಪ್ಪು ಅವನದಲ್ಲ ಎಂದು ತಿಳಿದ ಮೇಲೂ ಸಿಟ್ಟು ಏಕೆ ಇಳಿಯುವುದಿಲ್ಲ, ಬುದ್ಧಿ?"

ಗುರುಗಳನ್ನು ಹೀಗೆ ಕೇಳಿದವನು ಮರಿಶಾಂತ, ಮಠದ ಹಿರಿಯ ಶಿಷ್ಯ. ತನ್ನ ಮೇಲೆ ಗುರುಗಳ ಬಳಿ ಚಾಡಿ ಹೇಳಿದವನು ಜೊತೆಯ ಶಿಷ್ಯ ಶಂಭುಲಿಂಗನೇ ಎಂದು ನಂಬಿ, ಊಟಕ್ಕೆ ಕುಳಿತಿದ್ದ ಅವನನ್ನು ಪಂಕ್ತಿಯಿಂದ ರಟ್ಟೆ ಹಿಡಿದು ಎಬ್ಬಿಸಿದ್ದ. ಕೈ ತೊಳೆದುಕೊಂಡು ಹೊರಗೆ ಹೋದ ಶಂಭುಲಿಂಗ ಮತ್ತೆ ಪಂಕ್ತಿಗೆ ಬರಲಿಲ್ಲ. ಚಾಡಿ ಹೇಳಿದವನು ಅವನಲ್ಲ ಎಂದು ಆಮೇಲೆ ಗುರುಗಳೇ ತಿಳಿಸಿದರು. ಮರಿಶಾಂತ ನಂಬಿದ. ಆದರೂ ಶಂಭುಲಿಂಗನ ಮುಖ ಕಂಡರೆ ಅವನ ಮೈ ಉರಿಯುತ್ತಿತ್ತು. ಶಂಭುಲಿಂಗ ನಾಳೆ ಮಠ ಬಿಟ್ಟು ಊರಿಗೆ ಹೊರಡುವವನಿದ್ದಾನೆ ಎಂಬ ಸುದ್ದಿ ಆಗಲೇ ಅಡುಗೆಮನೆಯಿಂದ ಬಂದಿತ್ತು.

ಅವನ ಬಳಿ ಹೋಗಿ ಮಾತಾಡಿದೆಯಾ ಎಂದು ಗುರುಗಳು ಕೇಳಿದರು.

"ಸಿಟ್ಟು ಇಳಿಯಲಿ, ಹೋಗುತ್ತೇನೆ. ಒಳಗೆ ಬೆಂಕಿ ಇಟ್ಟುಕೊಂಡು ಹೊರಗೆ ಕೈ ಮುಗಿದರೆ ಕಪಟವಾಗುತ್ತದೆ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿಯಿದ್ದ. ಅವನ ಮನೆ ಊರಾಚೆ, ಕೆರೆಯ ಏರಿಯ ಪಕ್ಕ. ಹುಣ್ಣಿಮೆಯ ಸಂಜೆ ಏರಿಯ ಮೇಲೆ ನಿಂತರೆ, ಕೆರೆಯಾಚೆಯ ಹುಣಸೆ ತೋಪಿನ ಹಿಂದಿನಿಂದ ಚಂದ್ರ ಏಳುತ್ತಿದ್ದ. ಮೊರದಷ್ಟು ಅಗಲ. ಇಂಥ ಚಂದ್ರ ಬೇರೆ ಎಲ್ಲೂ ಇಲ್ಲ, ನನ್ನ ಮನೆಯ ಮುಂದೆ ಮಾತ್ರ ಎಂದು ಅವನು ಪೇಟೆಯಲ್ಲಿ ಹೇಳಿಕೊಳ್ಳುತ್ತಿದ್ದ. ಕೇಳಿ ಕೇಳಿ ಪೇಟೆಯವರಿಗೆ ಸಾಕಾಗಿತ್ತು. ಹಾಗಿದ್ದರೆ ತೋರಿಸಿ ಎಂದರು. ತೋರಿಸುತ್ತೇನೆ ಎಂದ.

ಊರಿನಲ್ಲಿ ಮದುವೆ ಮುಂಜಿಗಳ ಫೋಟೋ ತೆಗೆಯುವವನೊಬ್ಬನಿದ್ದ. ವ್ಯಾಪಾರಿ ಹುಣ್ಣಿಮೆಯ ಸಂಜೆ ಅವನನ್ನು ಕರೆಸಿ, ಏರಿಯ ಮೇಲೆ ನಿಲ್ಲಿಸಿ, ಏಳುತ್ತಿದ್ದ ಚಂದ್ರನನ್ನು ಬೆರಳು ಮಾಡಿ ತೋರಿಸಿ ಫೋಟೋ ತೆಗೆಸಿದ. ಕಟ್ಟು ಹಾಕಿಸಿ, ಬಟ್ಟೆ ಸುತ್ತಿ, ನೇರವಾಗಿ ಪೇಟೆಯ ತನ್ನ ಅಂಗಡಿಗೇ ತರಬೇಕೆಂದು ಹೇಳಿದ. ತಾನೂ ಮೊದಲು ನೋಡಲಿಲ್ಲ. ಫೋಟೋದವನು ತಂದ ದಿನ ಪೇಟೆಯವರನ್ನು ಕರೆದು, ಎಲ್ಲರೆದುರು ಫೋಟೋಗೆ ಸುತ್ತಿದ್ದ ಬಟ್ಟೆ ಬಿಚ್ಚಿದ.

ಕೆರೆ ಇತ್ತು. ತೋಪು ಇತ್ತು. ತೋಪಿನ ಮೇಲೆ ಒಂದು ಬಿಳಿ ಚುಕ್ಕೆ ಇತ್ತು.

ಮೊದಲು ಯಾರೂ ನಗಲಿಲ್ಲ. ಆಮೇಲೆ ಎದುರು ಅಂಗಡಿಯ ಮುದುಕ ಕನ್ನಡಕ ಸರಿಮಾಡಿಕೊಂಡು, "ಹಸಿ ಇದ್ದಾಗ ತೂಗಿದ್ದೀರಿ, ಸಾಹುಕಾರರೇ. ಒಣಗಿದ ಮೇಲೆ ಕಾಳು ಇಷ್ಟೇ ಆಗುವುದು" ಎಂದ.

ಪೇಟೆಯೆಲ್ಲ ನಕ್ಕಿತು. ವ್ಯಾಪಾರಿಯ ಕಣ್ಣು ಕೆಂಪಾಯಿತು. ನಗುವವರನ್ನು ಅವನು ಏನೂ ಮಾಡುವಂತಿರಲಿಲ್ಲ. ನಾಳೆಯೂ ಅವರೊಂದಿಗೇ ವ್ಯಾಪಾರ. ಹಾಗಾಗಿ ಫೋಟೋದವನ ಕಡೆ ತಿರುಗಿದ. ಬೇಕೆಂದೇ ಹೀಗೆ ಮಾಡಿದ್ದೀಯ, ನನ್ನ ಮಾನ ಕಳೆಯಲು ಇವರೇ ನಿನ್ನನ್ನು ಎತ್ತಿಕಟ್ಟಿದ್ದಾರೆ ಎಂದು ಬೈದ. ಇದ್ದದ್ದನ್ನೇ ಕ್ಯಾಮೆರಾ ಕೊಟ್ಟಿದೆ ಎಂದು ಅವನು ಹೇಳುತ್ತಿರುವಾಗಲೇ, ಅವನ ಹೆಗಲಿನಿಂದ ಕ್ಯಾಮೆರಾ ಕಿತ್ತು ಅಂಗಡಿಯ ಮೆಟ್ಟಿಲುಗಲ್ಲಿಗೆ ಅಪ್ಪಳಿಸಿದ. ಫೋಟೋದವನು ಚೂರುಗಳನ್ನು ಆರಿಸಿ, ಟವೆಲಿನಲ್ಲಿ ಕಟ್ಟಿಕೊಂಡು ಹೋದ. ಅದು ಮದುವೆಗಳ ಕಾಲ. ಅವನಿಗೆ ಬೇರೆ ಕ್ಯಾಮೆರಾ ಇರಲಿಲ್ಲ, ಬೇರೆ ಕಸುಬೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಅನ್ನ ಬಡಿಸುತ್ತ, "ಅವನ ಪೆಟ್ಟಿಗೆ ಒಡೆದದ್ದಾಯಿತು. ಚಂದ್ರನನ್ನು ಎಂದು ಒಡೆಯುತ್ತೀರಿ?" ಎಂದಳು. ವ್ಯಾಪಾರಿ ತಟ್ಟೆ ಸರಿಸಿ ಎದ್ದ.

ಮುಂದಿನ ಹುಣ್ಣಿಮೆಗೆ ಅವನು ಒಬ್ಬನೇ ಏರಿ ಹತ್ತಿದ. ಚಂದ್ರ ಎದ್ದ. ಮೊರದಷ್ಟೇ ಇದ್ದ. ಆ ಫೋಟೋದ ಕಳ್ಳನ ಸುಳ್ಳು ಸಿಕ್ಕಿಬಿತ್ತು ಎಂದುಕೊಂಡ. ಅವನ ಜೇಬಿನಲ್ಲಿ ಮಾದರಿಗೆಂದು ಹಾಕಿಕೊಂಡ ತೊಗರಿ ಕಾಳುಗಳಿದ್ದವು. ಕಾಳಿನ ವ್ಯಾಪಾರಿಗಳಿಗೆ ಒಂದು ಅಭ್ಯಾಸ: ಕೈ ಸುಮ್ಮನಿರದಾಗ ಒಂದು ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು. ಹಾಗೆಯೇ ಅವನೂ ಕಾಳು ಹಿಡಿದು, ತೋಳು ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದ.

ಚಂದ್ರ ಕಾಳಿನ ಹಿಂದೆ ಅಡಗಿಹೋದ.

ಕಾಳು ಇಳಿಸಿದ. ಮೊರದಷ್ಟು. ಎತ್ತಿದ. ಇಲ್ಲ. ಚಂದ್ರ ಮೇಲೇರಿ ಸಣ್ಣಗೆ ಕಾಣುವ ತನಕ ಅಲ್ಲೇ ಕುಳಿತಿದ್ದು, ಅದೇ ಕಾಳನ್ನು ಮತ್ತೆ ಹಿಡಿದ. ಕಾಳು ಅಷ್ಟನ್ನೇ ಮುಚ್ಚಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮರ ಗುಡ್ಡಗಳ ಮಗ್ಗುಲಲ್ಲಿದ್ದಾಗ ಚಂದ್ರನನ್ನು ಹಿಗ್ಗಿಸಿಕೊಳ್ಳುವುದು ನೋಡುವವನ ಕಣ್ಣೇ, ಕ್ಯಾಮೆರಾಕ್ಕೆ ಆ ಚಾಳಿಯಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಅವನೇನು ದಡ್ಡನಲ್ಲ.

ಅರ್ಥವಾದ ಮೇಲೆ ಕಣ್ಣು ಸರಿಯಾಗಬೇಕಿತ್ತು. ಆಗಲಿಲ್ಲ. ಮರುತಿಂಗಳೂ ಚಂದ್ರ ಮೊರದಷ್ಟೇ ಎದ್ದ. ಕಂಡೊಡನೆ ಪೇಟೆಯ ನಗು ಕಿವಿಗೆ ಬಂತು, ಫೋಟೋದವನ ಮೇಲೆ ಸಿಟ್ಟು ಉಕ್ಕಿತು. ಆ ಸಿಟ್ಟಿಗೆ ಈಗ ಕಾರಣವೇ ಇಲ್ಲ ಎಂದು ಗೊತ್ತಿದ್ದುದರಿಂದ ಇನ್ನಷ್ಟು ಉಕ್ಕಿತು. ಆ ಬಡವನಿಗೆ ಒಂದು ಕ್ಯಾಮೆರಾ ಕೊಡಿಸಿ ಬನ್ನಿ ಎಂದು ಹೆಂಡತಿ ಹೇಳಿದಳು. ಕೊಡಿಸುತ್ತೇನೆ ಎಂದ. ಆದರೆ ನಾನೇ ಸರಿ ಎಂದು ನನ್ನ ಕಣ್ಣು ಇನ್ನೂ ಹೇಳುತ್ತಿರುವಾಗ ಹೋಗಿ ತಪ್ಪಾಯಿತು ಎಂದರೆ ಅದು ಬರೀ ಬಾಯಿಮಾತು. ಚಂದ್ರ ಇದ್ದಷ್ಟೇ ಕಂಡ ದಿನ ಹೋಗುತ್ತೇನೆ, ಮನಸಾರೆ ಹೇಳುತ್ತೇನೆ ಎಂದ.

ಪ್ರತಿ ಹುಣ್ಣಿಮೆಗೂ ಏರಿ ಹತ್ತಿದ. ಪ್ರತಿ ಹುಣ್ಣಿಮೆಗೂ ಹಲ್ಲು ಕಡಿಯುತ್ತ ಇಳಿದ.

ಅಂಥ ಒಂದು ಸಂಜೆ ಅವನು ತೋಳು ಚಾಚಿ, ಒಂದು ಕಣ್ಣು ಮುಚ್ಚಿ ನಿಂತಿದ್ದ. ಅವನ ಬೆನ್ನ ಹಿಂದೆ, ಏರಿಯ ದಾರಿಯಲ್ಲಿ, ಒಂದು ಗಾಡಿ ಹಾದುಹೋಯಿತು. ಗಾಡಿಯಲ್ಲಿ ಪಾತ್ರೆಗಳು, ಹಾಸಿಗೆಯ ಸುರುಳಿ, ಫೋಟೋದವನ ಹೆಂಡತಿ ಮಕ್ಕಳು. ಫೋಟೋದವನು ಗಾಡಿಯ ಹಿಂದೆ ನಡೆಯುತ್ತಿದ್ದ. ವ್ಯಾಪಾರಿ ತಿರುಗಿ ನೋಡಲಿಲ್ಲ. ಅವನು ಕಣ್ಣನ್ನು ತಿದ್ದುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವರ ದನಿ ಒಮ್ಮೆಯೂ ಏರಿರಲಿಲ್ಲ. ಆದರೂ ಎದುರು ಕುಳಿತವನಿಗೆ ಅದರ ಬಿಸಿ ತಾಗಿತ್ತು. ಮರಿಶಾಂತ ತಡೆದು ತಡೆದು ಕೇಳಿದ:

"ಕೊನೆಗಾದರೂ ಅವನ ಕಣ್ಣು ಸರಿಹೋಯಿತೇ, ಬುದ್ಧಿ?"

"ಚಂದ್ರ ಇಂದಿಗೂ ಅವನಿಗೆ ಮೊರದಷ್ಟೇ ಕಾಣುತ್ತಾನೆ, ಆ ಊರಿನಲ್ಲಿ ಈಗ ಫೋಟೋ ತೆಗೆಯುವವರಿಲ್ಲ."