ನೀರು ಕೇಳುತ್ತಿದ್ದ ಎಣ್ಣೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಹೆದರುವವರು ನಡುವೆ ಕೂತ್ಕೊಳ್ಳಿ, ಹೆದರೋದಿಲ್ಲ ಅನ್ನುವವರು ಅಂಚಿಗೆ.

ಹೊಗೆಕೋಟೆ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಹೆಸರು ಚಿಕ್ಕರಾಯ, ಹೊಟ್ಟೆ ಮಾತ್ರ ದೊಡ್ಡದು. ದಿನಾ ಮಧ್ಯಾಹ್ನ ಅವನ ಎಲೆಯ ಮೇಲೆ ಬಿಸಿಬಿಸಿ ಕಜ್ಜಾಯ ಬೀಳಬೇಕು. ಬೀಳದಿದ್ದರೆ ಅವತ್ತು ಇಡೀ ಅರಮನೆ ಉಸಿರು ಬಿಗಿಹಿಡಿದು ಓಡಾಡಬೇಕು.

ಅರಮನೆಯ ಹಿಂದೆ ಅಡುಗೆಮನೆ. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲು. ಗೋಡೆಯೆಲ್ಲ ಮಸಿ. ನಡುವೆ ಒಂದು ಒಲೆ, ಒಲೆಯ ಮೇಲೆ ಆಳೊಬ್ಬ ಕೂತು ಸ್ನಾನ ಮಾಡುವಷ್ಟು ದೊಡ್ಡ ಬಾಣಲೆ. ಅದನ್ನು ಯಾವ ಕಮ್ಮಾರ ಬಡಿದನೋ, ಯಾವ ಕಾಲಕ್ಕೆ ತಂದಿಟ್ಟರೋ ಯಾರಿಗೂ ನೆನಪಿಲ್ಲ. ಆ ಬಾಣಲೆಯ ಚಾಕರಿ ಒಂದೇ ಮನೆತನದ್ದು. ಅಪ್ಪನಾದ ಮೇಲೆ ಮಗ. ಗಂಡ ಇಲ್ಲವಾದರೆ ಹೆಂಡತಿ. ಅವಳೂ ಇಲ್ಲವಾದರೆ ಮಗು, ಗಂಡಾಗಲಿ ಹೆಣ್ಣಾಗಲಿ. ರಾಜರ ಕಟ್ಟಳೆ ಅಂದರೆ ಹಾಗೇ, ಅವರಿಗೆ ಕಜ್ಜಾಯ ತಪ್ಪಬಾರದು ಅಷ್ಟೇ.

ಆ ಬಾಣಲೆ ಮೊದಲು ಆ ಮನೆತನದ ಸೊಸೆ ನಿಂಗಾಜಮ್ಮನ ಮಾವನನ್ನು ಸುಟ್ಟಿತು. ಆಮೇಲೆ ಭಾವನನ್ನು ಸುಟ್ಟಿತು. ಆಮೇಲೆ ಅವಳ ಗಂಡ ಜವರಣ್ಣನನ್ನು ಸುಟ್ಟಿತು.

ಜವರಣ್ಣ ಬಿದ್ದ ದಿನ ನಿಂಗಾಜಮ್ಮ ಓಡಿಬಂದಳು. ಅಡುಗೆಮನೆಯ ಹೊಸಿಲ ಮೇಲೆ ಅವನನ್ನು ಮಲಗಿಸಿದ್ದರು. ಕೈ ಕತ್ತೆಲ್ಲ ಬೆಂದು ಹೋಗಿತ್ತು.

"ಉರಿ ನಿಂಗಿ, ಉರಿ! ನೀರು ಹುಯ್ಯಿ," ಅಂದ.

ಅವಳು ಬಿಂದಿಗೆ ಎತ್ತಿದಳು. ಅಷ್ಟರಲ್ಲಿ ಸುತ್ತ ನಿಂತಿದ್ದ ಗುಂಪಿನಿಂದ ಒಂದು ದನಿ ಬಂತು: "ಬ್ಯಾಡ, ಬ್ಯಾಡ. ಸುಟ್ಟ ಗಾಯಕ್ಕೆ ನೀರು ಸೋಕಿದ್ರೆ ಬೊಬ್ಬೆ ಏಳ್ತದೆ. ಬೆಣ್ಣೆ ಹಚ್ಚಿ, ಬೂದಿ ಮೆತ್ತಿ." ಅವಳು ಬಿಂದಿಗೆ ಕೆಳಗಿಟ್ಟಳು. ಬೆಣ್ಣೆ ಹಚ್ಚಿದರು, ಬೂದಿ ಮೆತ್ತಿದರು. ಉರಿ ಒಳಗೊಳಗೇ ಉಳಿಯಿತು, ಗಾಯ ಕೀವಾಯಿತು, ಜವರಣ್ಣ ಉಳಿಯಲಿಲ್ಲ.

ಸಾಯುವ ಮೊದಲು ಅವನು ಹೇಳಿದ್ದು ಇಷ್ಟೇ. "ಒಳಗೆ ಯಾರೋ ನೀರು ಕೇಳಿದ್ರು ನಿಂಗಿ. ಹೆಂಗೆ ಇಲ್ಲ ಅನ್ಲಿ? ಕೊಟ್ಟೆ."

ಹೊಗೆಕೋಟೆಯಲ್ಲಿ ಹಾಗೊಂದು ನಡಾವಳಿ ಇತ್ತು. ಬಾಗಿಲಿಗೆ ಬಂದು ನೀರು ಕೇಳಿದವರಿಗೆ, ಅವರು ಹಗೆಯೇ ಆಗಿರಲಿ, ಇಲ್ಲ ಅನ್ನುವಂತಿಲ್ಲ. ಕೇಳಿದವರು ಬೊಗಸೆ ಒಡ್ಡಬೇಕು, ಮನೆಯವರು ಚೆಂಬಿನಿಂದ ಹುಯ್ಯಬೇಕು.

ಗಂಡನ ತಿಥಿ ಮುಗಿಯುತ್ತಲೇ ಅರಮನೆಯಿಂದ ಕರೆ ಬಂತು. ನಿಂಗಾಜಮ್ಮ ಮನೆಯ ಮೂಲೆಯಲ್ಲಿ ಮಲಗಿದ್ದ ಮಗಳು ಮುದ್ದಿಯನ್ನು ನೋಡಿದಳು. ಹಾಲುಹಲ್ಲು ಬೀಳುತ್ತಿದ್ದ ಕೂಸು. ತಾನು ಸತ್ತರೆ ಆ ಬಾಣಲೆಯ ಮುಂದೆ ನಿಲ್ಲಬೇಕಾದವಳು ಇವಳು. ನಿಂಗಾಜಮ್ಮ ಮಗಳ ಹೊದಿಕೆ ಸರಿಮಾಡಿದಳು. ಸಾಯುವ ಹಾಗಿಲ್ಲ ಅಂದುಕೊಂಡಳು. ಅಳುವುದಕ್ಕೂ ಪುರುಸೊತ್ತಿಲ್ಲದೆ ಹೊರಟಳು.

ಅಡುಗೆಮನೆಗೆ ಕಾಲಿಟ್ಟವಳು ಒಲೆ ಹಚ್ಚಲಿಲ್ಲ. ಮೊದಲು ಸುತ್ತ ನೋಡಿದಳು. ಅಲ್ಲಿ ರುಬ್ಬುವ ಕೆಲಸದ ಗೌರಾಜಿ ಅಂತ ಒಬ್ಬ ಮುದುಕಿ ಇದ್ದಳು. ಅವಳನ್ನು ಕರೆದಳು.

"ಅಜ್ಜಿ, ನೀರಿನ ಕೊಡ ಯಾಕೆ ಹಿಂಗೆ ಒಲೆಗೆ ಅಂಟಿಸಿ ಇಟ್ಟಿದ್ದೀರಿ?"

"ಎಣ್ಣೆಗೆ ಬೆಂಕಿ ಹತ್ತಿದ್ರೆ ತಟ್ಟನೆ ಹುಯ್ಯಕ್ಕೆ ಕಣವ್ವ. ಯಾರೋ ಹೇಳಿದ್ರು."

"ಮಸಿಬಟ್ಟೆ ಯಾಕೆ ಉರಿಯ ಮೇಲೇ ನೇತು ಹಾಕಿದ್ದೀರಿ?"

"ಬಿರ್ರನೆ ಒಣಗ್ಲಿ ಅಂತ. ಯಾರೋ ಹೇಳಿದ್ರು."

"ಇಷ್ಟು ದೊಡ್ಡ ಬಾಣಲೆಗೆ ಮುಚ್ಚಳ ಎಲ್ಲಿ?"

"ಉಗ್ರಾಣದಾಗೆ ಬಿದ್ದದೆ. ಮುಚ್ಚಳ ಹತ್ರ ಇದ್ರೆ ಕಜ್ಜಾಯ ಮೆತ್ತಗಾಯ್ತವೆ ಅಂತ ಯಾರೋ ಹೇಳಿದ್ರು."

"ಯಾರು ಅಜ್ಜಿ ಹೇಳಿದ್ದು? ಹೆಸರು?"

ಗೌರಾಜಿ ಬಾಯಿ ತೆರೆದಳು. ಹೆಸರು ಬರಲಿಲ್ಲ. ಎಷ್ಟು ನೆನೆದರೂ ಒಂದು ಮುಖ ಕಣ್ಣ ಮುಂದೆ ಬರಲಿಲ್ಲ. ಒಲೆ ಹಚ್ಚಿರಲಿಲ್ಲ, ಆದರೂ ಆ ಹೊತ್ತಿಗೆ ಬಾಣಲೆಯೊಳಗಿನ ತಣ್ಣಗಿನ ಎಣ್ಣೆ ಒಮ್ಮೆ ಕದಲಿ ಸುಮ್ಮನಾಯಿತು.

ನಿಂಗಾಜಮ್ಮ ಕೊಡಗಳನ್ನು ಬಾಗಿಲ ಬಳಿಗೆ ಸಾಗಿಸಿದಳು. ಮಸಿಬಟ್ಟೆಯನ್ನು ದೂರದ ಗೂಟಕ್ಕೆ ಹಾಕಿದಳು. ಉಗ್ರಾಣದಿಂದ ಮುಚ್ಚಳ ಹೊತ್ತು ತಂದು ಗೋಡೆಗೆ ಒರಗಿಸಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕೈ ಒರೆಸಿಕೊಂಡು, ಆಮೇಲೆ ಒಲೆ ಹಚ್ಚಿದಳು.

ಮೊದಲ ದಿನ. ಮಧ್ಯಾಹ್ನ ಕಾಗೆಯೂ ಕೂಗದ ಹೊತ್ತು. ಗೌರಾಜಿ ಆಚೆ ಹೋಗಿದ್ದಳು. ಕಜ್ಜಾಯ ಬಿಡಬೇಕು ಅನ್ನುವಷ್ಟರಲ್ಲಿ ದಣಿದ ಮುದುಕನ ದನಿ ಕೇಳಿತು.

"ಅವ್ವಾ, ದಾರಿಹೋಕ. ನಾಲಗೆ ಒಣಗ್ಯದೆ. ನೀರು."

ನಿಂಗಾಜಮ್ಮ ಚೆಂಬು ತುಂಬಿಕೊಂಡು ಬಾಗಿಲಿಗೆ ಹೋದಳು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. "ಇಲ್ಲಿ ಅವ್ವಾ, ಇಲ್ಲಿ," ಅಂತ ದನಿ ಬೆನ್ನ ಹಿಂದಿನಿಂದ ಬಂತು. ಬಾಣಲೆಯ ಒಳಗಿನಿಂದ ಬಂತು.

ಮೈಯ ಕೂದಲೆಲ್ಲ ನಿಂತಿತು. ನೀರು ಕೇಳಿದೆ, ಇಲ್ಲ ಅನ್ನುವಂತಿಲ್ಲ. ಆದರೆ ಒದ್ದೆ ಕೈಯಿಂದ ಒಂದು ಹನಿ ಬಿದ್ದರೇ ಕಾದ ಎಣ್ಣೆ ಚಟಪಟ ಸಿಡಿಯುತ್ತದೆ, ಒಂದು ಚೆಂಬು ಬಿದ್ದರೆ? ಜವರಣ್ಣ ಕೊಟ್ಟಿದ್ದು ಯಾರಿಗೆ ಅಂತ ಅವಳಿಗೆ ಆಗ ತಿಳಿಯಿತು. ಮೆಲ್ಲಗೆ ಅಂದಳು:

"ಕೊಡ್ತೀನಪ್ಪ. ಬೊಗಸೆ ಒಡ್ಡು."

ಎಣ್ಣೆ ಸುಮ್ಮನಾಯಿತು. ಬೊಗಸೆ ಎಲ್ಲಿಂದ ತರಬೇಕು ಅದು?

ಎರಡನೆಯ ದಿನ. ಅದೇ ಹೊತ್ತು. ಈ ಸಲ ಮುದ್ದಿಯ ದನಿ.

"ಅವ್ವಾ, ನಾನು. ಓಡಿಬಂದೆ. ಬಾಯಾರ್ತದೆ ಅವ್ವಾ, ನೀರು."

ಹಲ್ಲು ಬಿದ್ದ ಬಾಯಿಂದ ಮಾತು ಹೇಗೆ ಸೋರುತ್ತಿತ್ತೋ ಹಾಗೇ ಸೋರಿತು ಆ ಮಾತು. ನಿಂಗಾಜಮ್ಮನ ಕೈ ತಾನಾಗಿ ಚೆಂಬಿನ ಮೇಲೆ ಹೋಯಿತು. ಮನೆಯಲ್ಲಿ ಮಗು ಏನಾಯಿತೋ ಅಂತ ಎದೆ ಹೊಡೆದುಕೊಂಡಿತು. ತುಟಿ ಕಚ್ಚಿ ಹೇಳಿದಳು: "ಬೊಗಸೆ ಒಡ್ಡು ಮಗಳೇ."

ಬಾಣಲೆಯ ತಳದಲ್ಲಿ ಏನೋ ಕಿಲಕಿಲ ನಕ್ಕಿತು. ಮಗುವಿನ ನಗು ಅಲ್ಲ ಅದು.

ಮೂರನೆಯ ದಿನ ಅದು ಜವರಣ್ಣನ ದನಿಯಲ್ಲಿ ಮಾತಾಡಿತು.

"ನಿಂಗಿ, ಅವತ್ತು ನೀರು ಕೇಳ್ದೆ. ಕೊಡ್ಲಿಲ್ಲ ನೀನು. ಇನ್ನೂ ಉರೀತಾ ಇವ್ನಿ. ಇವತ್ತಾದ್ರೂ ಹುಯ್ಯಿ."

ಅವಳ ಕೈಯಿಂದ ಸಟ್ಟುಗ ಜಾರಿತು. ಎಷ್ಟು ಹೊತ್ತು ಹಾಗೇ ನಿಂತಳೋ. ಕಣ್ಣೀರು ಬಳಬಳ ಇಳಿಯಿತು. ಅವಳು ನಿಂತಳು, ಆದರೆ ಒಲೆ ನಿಲ್ಲಲಿಲ್ಲ. ಕೆಳಗೆ ಸೌದೆ ಧಗಧಗ ಉರಿಯುತ್ತಲೇ ಇತ್ತು. ಎಣ್ಣೆ ಕಾದು, ಇನ್ನೂ ಕಾದು, ಹೊಗೆಯಾಡಿತು. ಅದಕ್ಕೆ ಬೇಕಾಗಿದ್ದೂ ಅದೇ. ಒಲೆ ಉರಿಯುವಾಗ ಒಲೆಯ ಮುಂದಿನವರ ಮನಸ್ಸು ಬೇರೆ ಕಡೆ ಹೋಗಬೇಕು, ಅಷ್ಟಾದರೆ ಅದರ ಅರ್ಧ ಕೆಲಸ ಆದ ಹಾಗೆ.

"ಬೊಗಸೆ ಒಡ್ಡಿ," ಅಂದಳು, ಅಭ್ಯಾಸಬಲದಿಂದ.

ಒಡ್ಡಿತು! ಭುಗ್ ಅಂತ ಎಣ್ಣೆಯ ಮೇಲೆ ಉರಿ ಎದ್ದಿತು. ಉರಿಯ ಎರಡು ಕೈ, ಉರಿಯ ಹತ್ತು ಬೆರಳು, ಒಂದಕ್ಕೊಂದು ಕೂಡಿಕೊಂಡು ಬೊಗಸೆಯಾಗಿ ಅವಳ ಮುಖದ ಮುಂದೆ ಬಂದವು. ಬೊಗಸೆಯ ಹಿಂದೆ ಮುಖ ಇರಲಿಲ್ಲ.

"ಹುಯ್ಯಿ," ಅಂತು.

ಅದೇ ಹೊತ್ತಿಗೆ ಗೌರಾಜಿ ಒಳಗೆ ಬಂದವಳು ಕಿಟಾರನೆ ಕಿರುಚಿ ಬಾಗಿಲ ಬಳಿಯ ಕೊಡ ಎತ್ತಿಕೊಂಡು ಓಡಿಬಂದಳು. ನಿಂಗಾಜಮ್ಮ ಅಡ್ಡ ನಿಂತಳು.

"ಇಳಿಸಜ್ಜಿ! ಅದು ಕೇಳ್ತಾ ಇರೋದೇ ಅದನ್ನ. ನೀರು ಕುಡಿದ್ರೆ ಅದು ಸೂರಿಗೆ ಹತ್ಕೊಳ್ತದೆ, ನಮ್ಮ ಮೈಗೆ ಹತ್ಕೊಳ್ತದೆ."

ಅವಳು ಬಾಣಲೆ ಎಳೆಯಲು ಹೋಗಲಿಲ್ಲ, ಊದಲಿಲ್ಲ, ಬಟ್ಟೆ ಬೀಸಲಿಲ್ಲ. ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಮುಖಕ್ಕೆ ಗುರಾಣಿಯ ಹಾಗೆ ಹಿಡಿದು, ತನ್ನ ಕಡೆಯ ಅಂಚಿನಿಂದ ಆಚೆಯ ಅಂಚಿಗೆ ಜಾರಿಸಿ ಮುಚ್ಚಿಬಿಟ್ಟಳು. ಉರಿಯ ಬೆರಳು ಅಂಚಿನಲ್ಲಿ ಸ್ವಲ್ಪ ತಡಕಾಡಿ ಒಳಗೆ ಹೋದವು. ಆಮೇಲೆ ಒಲೆಯ ಸೌದೆಯನ್ನೆಲ್ಲ ಈಚೆಗೆ ಎಳೆದು ಮಣ್ಣು ಮುಚ್ಚಿದಳು.

ಮುಚ್ಚಳದ ಕೆಳಗಿನಿಂದ ಟಕ್ ಟಕ್ ಅಂತ ಬಡಿತ. ಮುದುಕನ ದನಿ ಬೇಡಿತು, ಮುದ್ದಿಯ ದನಿ ಅತ್ತಿತು, ಜವರಣ್ಣನ ದನಿ ಬೈಯಿತು. ನಿಂಗಾಜಮ್ಮ ಮುಚ್ಚಳದ ಪಕ್ಕದಲ್ಲೇ ನಿಂತಳು. ತೆರೆದು ನೋಡಲಿಲ್ಲ.

ಆಗ ಬಂದನಪ್ಪ ರಾಜ! ಎಲೆ ಹಾಕಿದೆ, ಕಜ್ಜಾಯ ಇಲ್ಲ. ಹೊಟ್ಟೆ ಮುಂದೆ, ತಾನು ಹಿಂದೆ.

"ಏನಮ್ಮಾ ಇದು? ಒಲೆ ಯಾಕೆ ಆರಿದೆ?"

"ಹತ್ರ ಬರಬೇಡಿ ಬುದ್ಧಿ. ಒಳಗೆ ಕೆಟ್ಟದ್ದು ಅದೆ. ತಣ್ಣಗಾಗೋ ತನಕ ತೆಗಿಯಂಗಿಲ್ಲ."

ರಾಜ ಇನ್ನೇನು ಬೈಯಬೇಕು, ಮುಚ್ಚಳದ ಕೆಳಗಿನಿಂದ ತೀರಿಹೋದ ರಾಜಮಾತೆಯ ದನಿ ಬಂತು. "ಕಂದಾ, ಉಸಿರು ಕಟ್ತದೆ. ಒಂದು ಸಲ ತೆಗಿ ಕಂದಾ." ಪಾಪ, ಎಷ್ಟಾದರೂ ತಾಯಿ. ರಾಜ ಒಂದೇ ನೆಗೆತಕ್ಕೆ ಹೋಗಿ ಮುಚ್ಚಳದ ಅಂಚು ಎತ್ತಿದ. ಗಾಳಿ ಒಳಹೋಯಿತು, ಉರಿ ಹೊರಬಂತು, ಮೊಣಕೈವರೆಗೆ ನೆಕ್ಕಿತು. ರಾಜ ಹೋ ಅಂತ ಬಿದ್ದ. ಮುಚ್ಚಳ ತಾನಾಗಿ ಮತ್ತೆ ಕೂತಿತು.

ಅರಮನೆಯೆಲ್ಲ ಅಲ್ಲಿಗೆ ಓಡಿಬಂತು. ಒಬ್ಬರ ಕೈಯಲ್ಲಿ ಬೆಣ್ಣೆ, ಒಬ್ಬರ ಕೈಯಲ್ಲಿ ಬೂದಿ, ಇನ್ನೊಬ್ಬರ ಕೈಯಲ್ಲಿ ಸುಣ್ಣ. ನಿಂಗಾಜಮ್ಮ ಎಲ್ಲರನ್ನೂ ನೂಕಿಕೊಂಡು ಹೋಗಿ ರಾಜನ ತೋಳು ಹಿಡಿದು ದರದರ ಬಾಗಿಲ ಬಳಿಗೆ ಎಳೆದಳು. ರಾಜನ ಮೈ ಮುಟ್ಟಿದವರ ಕೈ ಕಡಿಯುವ ಕಾಲ ಅದು. ಕಾವಲಿನವನು ಕತ್ತಿ ಹಿರಿದ. ಅವಳು ಬಿಂದಿಗೆ ಎತ್ತಿದಳು.

"ಬ್ಯಾಡ, ಬ್ಯಾಡ," ಅಂತು ಒಂದು ದನಿ. "ಸುಟ್ಟ ಗಾಯಕ್ಕೆ ನೀರು ಸೋಕಿದ್ರೆ ಬೊಬ್ಬೆ ಏಳ್ತದೆ. ಬೆಣ್ಣೆ ಹಚ್ಚಿ, ಬೂದಿ ಮೆತ್ತಿ."

ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ನಿಂಗಾಜಮ್ಮ ಬಿಂದಿಗೆ ಹಿಡಿದುಕೊಂಡೇ ತಿರುಗಿ ಒಬ್ಬೊಬ್ಬರ ಬಾಯಿಯನ್ನೂ ನೋಡಿದಳು.

"ಯಾರು ಹೇಳಿದ್ದು ಈಗ?"

ಗೌರಾಜಿ, ನಾನಲ್ಲ ಅಂದಳು. ಕಾವಲಿನವನು, ನಾನಲ್ಲ ಅಂದ. ರಾಣಿ, ನಾನಲ್ಲ ಅಂದಳು. ಹಾಗಾದರೆ ಯಾರು? ಎಲ್ಲರ ಬೆನ್ನ ಹಿಂದೆ, ಮುಚ್ಚಳದ ಕೆಳಗಿನಿಂದ, ಅದೇ ದನಿ ಮತ್ತೆ ಬುದ್ಧಿ ಹೇಳಿತು, ಮನೆಯ ಹಿರಿಯರು ಹೇಳುವ ಹಾಗೆ, ಬಹಳ ಅಕ್ಕರೆಯಿಂದ.

"ಬೆಣ್ಣೆ ಹಚ್ಚಿ, ಬೂದಿ ಮೆತ್ತಿ."

ಬೆಣ್ಣೆ ಹಿಡಿದಿದ್ದವರ ಕೈಯಿಂದ ಬೆಣ್ಣೆ ಬಿತ್ತು. ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ತಲೆತಲಾಂತರದಿಂದ ತಮಗೆ ಬುದ್ಧಿ ಹೇಳುತ್ತಿದ್ದುದು ಯಾವುದು ಅಂತ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ನಿಂಗಾಜಮ್ಮನಿಗೆ ಗಂಡ ಮಲಗಿದ್ದ ಹೊಸಿಲು ಕಂಡಿತು, ಕೆಳಗಿಟ್ಟ ಬಿಂದಿಗೆ ಕಂಡಿತು. ಅಯ್ಯೋ ಅಂತ ಒಂದೇ ಸಲ ಕೂಗಿ, ರಾಜನ ಕೈಯ ಮೇಲೆ ನೀರು ಹುಯ್ದಳು.

ಒಂದು ಬಿಂದಿಗೆ ಮುಗಿಯಿತು, ಇನ್ನೊಂದು ತಂದರು. ದೊಡ್ಡ ಹಂಡೆಯ ಅನ್ನ ಬೇಯುವಷ್ಟು ಹೊತ್ತು ಹುಯ್ದೇ ಹುಯ್ದಳು. ಕೈ ಊದುವ ಮೊದಲೇ ಉಂಗುರ ಕಡಗ ಬಿಚ್ಚಿಸಿದಳು. ಎದ್ದ ಬೊಬ್ಬೆಯನ್ನು ಯಾರಿಗೂ ಒಡೆಯಲು ಬಿಡಲಿಲ್ಲ. ಒಗೆದು ಒಣಗಿಸಿದ ಬಿಳಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರನ್ನು ಕರೆಸಿದಳು. ಅವರು ಬಂದು ನೋಡಿ, ಇನ್ನು ನನ್ನ ಕೆಲಸ ಹಗುರ ಅಂದರು.

ಮುಚ್ಚಳದ ಕೆಳಗಿನ ದನಿ ಕ್ಷೀಣವಾಗುತ್ತಾ ಹೋಯಿತು. ಕೊನೆಗೆ ಅದು ತನ್ನ ದನಿಯಲ್ಲೇ ಬೇಡಿಕೊಂಡಿತಂತೆ. ಅದನ್ನು ಕಿವಿಯಾರೆ ಕೇಳಿದವರು ಆ ದನಿ ಹೇಗಿತ್ತು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಹೋಗಲಿಲ್ಲ. ಹೊತ್ತು ಮುಳುಗುವ ಮುಂಚೆ ಬಾಣಲೆ ಪೂರಾ ತಣ್ಣಗಾಯಿತು. ತೆರೆದರೆ ಒಳಗೆ ಕಮಟು ವಾಸನೆಯ ಕರಿ ಎಣ್ಣೆ, ಬೇರೇನೂ ಇಲ್ಲ.

ಕೈ ವಾಸಿಯಾದ ಮೇಲೆ ರಾಜ ಕೇಳಿದ. "ಏನು ಬೇಕಮ್ಮಾ, ಕೇಳು. ಚಿನ್ನವೋ, ಹೊಲವೋ?"

"ನನ್ನ ಮಗಳು ತಾನಾಗಿ ಬಯಸಿದ್ರೆ ಒಲೆ ಮುಂದೆ ನಿಲ್ಲಲಿ ಬುದ್ಧಿ. ಕಟ್ಟಳೆ ಅಂತ ಎಳ್ಕೊಂಡು ಬರೋದು ಬ್ಯಾಡ."

ರಾಜ ತನ್ನ ಕೈಯ ಸುಟ್ಟ ಕಲೆ ನೋಡಿಕೊಂಡ. ಆ ಕಟ್ಟಳೆಯನ್ನು ಅವತ್ತೇ ಅಳಿಸಿದ. ಕಜ್ಜಾಯ ಮಾತ್ರ ಬಿಡಲಿಲ್ಲ, ಆದರೆ ತಡವಾದರೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕಲಿತ.

ಅದು ಸತ್ತಿತೇ ಅಂತ ಕೇಳುತ್ತೀರಾ? ಇಲ್ಲ ಮಕ್ಕಳೇ. ಹೊಗೆಕೋಟೆ ಬಿಟ್ಟಿತು, ಅಷ್ಟೇ. ಎಣ್ಣೆ ಒಲೆಯ ಮೇಲಿಟ್ಟು ಹರಟೆಗೆ ಹೋದವರ ಮನೆಗೆ ಅದು ಬರುತ್ತದೆ. ಅದಕ್ಕೇ ನೀತಿ ಏನು ಅಂದರೆ, ಉರಿಯುವ ಎಣ್ಣೆಗೆ ನೀರು ಕೊಡಬೇಡಿ, ಮುಚ್ಚಳ ಕೊಡಿ. ಸುಟ್ಟ ಮೈಗೆ ಬೆಣ್ಣೆ ಕೊಡಬೇಡಿ, ನೀರು ಕೊಡಿ. ಯಾರೋ ಹೇಳಿದರು ಅಂತ ಮಾಡುವ ಮೊದಲು, ಹೇಳಿದವರ ಮುಖ ನೋಡಿ.

ಇಷ್ಟೇ ಕಥೆ. ಈಗ ಎಲ್ಲರೂ ಎದ್ದು, ನಿಮ್ಮ ನಿಮ್ಮ ಮನೆಯ ಒಲೆ ಆರಿದೆಯೋ ಇಲ್ಲವೋ ನೋಡಿ ಮಲಗಿ.