ಜ್ವರದ ದಿನದ ಬೊಟ್ಟು

ಕಣ್ಣು ಮುಚ್ಚಿ ಮಲಗಿದವರನ್ನೂ ಎವೆಯಿಕ್ಕದೆ ಕಾಯುವ ಪರಶಿವನಿಗೆ ಮೊದಲು ಶರಣು. ಈ ಕತೆ ಅವನ ನೆನಪಿನಲ್ಲಿ.

ಶಿಷ್ಯ ಕೇಳಿದ: "ಬುದ್ಧಿ, ಒಂದು ದಿನದಲ್ಲಿ ಮುಗಿಯದ ಕೆಲಸವನ್ನು ಯಾವ ದಿನದ ಕೆಲಸವೆಂದು ಬರೆದುಕೊಳ್ಳಬೇಕು?"

ಕೇಳಿದವನ ಹೆಸರು ಮರುಳಸಿದ್ಧ. ಮಠದ ಕೆಲಸಗಳನ್ನೆಲ್ಲ ಮೊಬೈಲಿನ ಪಟ್ಟಿಯಲ್ಲಿ ಬರೆದಿಟ್ಟು, ಮುಗಿದದ್ದಕ್ಕೆ ಗುರುತು ಹಾಕುವುದು ಅವನ ಅಭ್ಯಾಸ. ಗುರುಗಳು ಅವನಿಗೆ ಒಂದು ಮಂಡಲದ ಜಪ ಹೇಳಿದ್ದರು. ನಲವತ್ತೆಂಟು ದಿನ, ಬೆಳಗ್ಗೆ ನೂರೆಂಟು, ಸಂಜೆ ನೂರೆಂಟು. ಅಂದು ಹತ್ತೊಂಬತ್ತನೆಯ ದಿನ. ಅವನ ಕಣ್ಣು ಕೆಂಪಾಗಿತ್ತು. ಕೂತವನು ಏಳುತ್ತಿದ್ದ, ಎದ್ದವನು ಕೂರುತ್ತಿದ್ದ.

"ಮೊದಲ ದಿನಕ್ಕೆ ಬರೆದೆ, ಮಾರನೆಯ ದಿನವೇ ಬಾಕಿ ಎಂದು ಕೆಂಪಗೆ ತೋರಿಸಿತು. ಕೊನೆಯ ದಿನಕ್ಕೆ ಬರೆದೆ, ಕಣ್ಣಿಗೇ ಬೀಳದೆ ಹೋಯಿತು. ಆಮೇಲೆ ನಲವತ್ತೆಂಟು ದಿನಕ್ಕೂ ಬೇರೆ ಬೇರೆ ಬರೆದುಕೊಂಡೆ. ದಿನವೂ ಗುರುತು ಹಾಕುತ್ತಿದ್ದೆ. ಆದರೆ ಮೂರು ದಿನದಿಂದ ಜಪದಲ್ಲಿ ರುಚಿಯೇ ಇಲ್ಲ, ಬುದ್ಧಿ. ನಾಲಿಗೆ ಆಡುತ್ತದೆ, ಒಳಗೆ ಏನೂ ಇಲ್ಲ. ಗುರುತು ಹಾಕಲು ಕೈ ಬರುವುದಿಲ್ಲ. ನೂರೆಂಟರ ಬದಲು ಸಾವಿರ ಮಾಡಿದೆ, ಎರಡು ಸಾವಿರ ಮಾಡಿದೆ. ಆಗಲೂ ಇಲ್ಲ. ನಾಳೆಯೂ ಹೀಗೇ ಆದರೆ ಮಂಡಲ ಬಿಟ್ಟುಬಿಡುತ್ತೇನೆ."

"ಮೊಬೈಲು ಆಚೆ ಇಡು," ಎಂದರು ಗುರುಗಳು. "ಕೂತು ಕೇಳು."

ಒಂದು ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ರೇಷ್ಮೆ ಹುಳು ಸಾಕುವುದು ಅವರ ಕಸುಬು. ಅವರು ಸಾಕುತ್ತಿದ್ದುದು ನೂಲಿಗಲ್ಲ, ಬಿತ್ತನೆಗೆ. ಅವರ ಗೂಡುಗಳಿಂದ ಚಿಟ್ಟೆ ಹೊರಗೆ ಬಂದು ಮೊಟ್ಟೆಯಿಟ್ಟರೆ ಮಾತ್ರ ಊರಿನ ಉಳಿದ ಮನೆಗಳಲ್ಲಿ ಮುಂದಿನ ಬೆಳೆ.

ಒಮ್ಮೆ ಮೊಟ್ಟೆ ಒಡೆದು ಮರಿಹುಳು ಬಂದ ದಿನವೇ ಅತ್ತೆ ಮಗಳ ಬಾಣಂತನಕ್ಕೆ ಹೊರಡಬೇಕಾಯಿತು. ಸೊಸೆ ಒಬ್ಬಳೇ ಎಂದೂ ಸಾಕಿರಲಿಲ್ಲ. ಅತ್ತೆ ಹುಳುಮನೆಯ ಮಣ್ಣಿನ ಗೋಡೆಗೆ ಸುಣ್ಣದ ಒಂದು ಬೊಟ್ಟಿಟ್ಟಳು. ಒಂದು ಮೊಳ ಬಿಟ್ಟು ಇನ್ನೊಂದಿಟ್ಟಳು.

"ಇದು ಇವತ್ತು. ಅದು ಹುಳ ಹಣ್ಣಾಗಿ ಗೂಡು ಕಟ್ಟೋಕೆ ಹೋಗೋ ದಿನ. ಮಧ್ಯೆ ಇರೋದೆಲ್ಲ ಒಂದೇ ಕೆಲಸ ಕಣವ್ವ. ನಾಲ್ಕು ಸಲ ಜ್ವರಕ್ಕೆ ಹೋಗ್ತವೆ. ಆಗ ಸೊಪ್ಪು ಹಾಕ್ಬೇಡ. ಸುಣ್ಣದ ಪುಡಿ ಉದುರಿಸಿ ನೋಡ್ಕೊಂಡಿರು. ಎಲ್ಲವೂ ಎದ್ದ ಮೇಲೆ ಹಾಕು."

"ಗೊತ್ತು ಬಿಡಿ ಅತ್ತೆ. ನಾನೇನು ನಿನ್ನೆ ಹುಟ್ಟಿದವಳಾ?"

ಹುಳು ಹಳೆಯ ಚರ್ಮ ಕಳಚಿ ಹೊಸದನ್ನು ತೊಡುವ ಹೊತ್ತಿಗೆ ಸಾಕುವವರು ಜ್ವರ ಎನ್ನುತ್ತಾರೆ. ಅದು ರೋಗವಲ್ಲ. ಆಗ ಹುಳು ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದೆ, ತಿನ್ನುವುದಿಲ್ಲ. ಮೊದಲು ಎದ್ದವಕ್ಕೆ ಸೊಪ್ಪು ಬಿದ್ದರೆ ಅವು ಮುಂದೆ ಹೋಗಿ ಉಳಿದವು ಹಿಂದೆ ಬೀಳುತ್ತವೆ.

ಅತ್ತೆ ಹೋದಳು. ಎರಡು ಬೊಟ್ಟುಗಳ ನಡುವಿನ ಬರಿಯ ಗೋಡೆ ನೋಡಿ ಸೊಸೆಗೆ ದಿಗಿಲಾಯಿತು. ಅವಳು ದಿನವೂ ಸೊಪ್ಪು ಹಾಕಿ ಮುಗಿಸಿ ಸಂಜೆ ಒಂದು ಬೊಟ್ಟಿಡತೊಡಗಿದಳು. ಬೊಟ್ಟು ಬಿದ್ದರೆ ಆ ದಿನ ಗೆದ್ದ ಹಾಗೆ. ಆಮೇಲೆ ಅನ್ನ ಸೇರುತ್ತಿತ್ತು.

ಮೊದಲ ಜ್ವರ ಬಂತು. ಹುಳುಗಳು ತಲೆಯೆತ್ತಿ ನಿಂತವು. ಬೆಳಗಿನಿಂದ ಸಂಜೆಯವರೆಗೆ ಅವಳು ಹತ್ತು ಸಲ ಒಳಗೆ ಹೋದಳು, ಹತ್ತು ಸಲ ಹೊರಗೆ ಬಂದಳು. ಮಾಡಲು ಏನೂ ಇರಲಿಲ್ಲ. ಬೊಟ್ಟಿಡಲು ಮನಸ್ಸು ಒಪ್ಪಲಿಲ್ಲ. ಇಡದೆ ಇರಲೂ ಆಗಲಿಲ್ಲ. ಕೊನೆಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹುಳುಗಳಿದ್ದ ತಟ್ಟೆಗಳ ಮೇಲೆ ಹರಡಿದಳು. ಮೊದಲೇ ಎದ್ದಿದ್ದ ನಾಲ್ಕಾರು ಹುಳು ತಿಂದವು. ಅದನ್ನು ಕಂಡು ಬೊಟ್ಟಿಟ್ಟಳು.

ಉಳಿದ ಮೂರು ಜ್ವರದಲ್ಲೂ ಹಾಗೇ ಮಾಡಿದಳು. ಹತ್ತು ತಟ್ಟೆಗಳಲ್ಲಿ ಮೇಲಿನ ಮೂರಕ್ಕೆ ಮಾತ್ರ ಜ್ವರದ ದಿನ ಹೆಚ್ಚಿದ ಸೊಪ್ಪು ಸಾಲುತ್ತಿರಲಿಲ್ಲ. ಆ ಮೂರರ ಕಡೆ ನೋಡದೆ ಅವಳು ಬೊಟ್ಟಿಡುತ್ತಿದ್ದಳು.

ಎರಡನೆಯ ಬೊಟ್ಟಿನ ದಿನ ಅತ್ತೆ ಬಂದಳು. ಕೆಳಗಿನ ಏಳು ತಟ್ಟೆಗಳಲ್ಲಿ ಕೆಲವು ಹುಳು ಹಣ್ಣಾಗಿದ್ದವು, ಕೆಲವು ಇನ್ನೂ ಎಳೆಯವು. ಹಲವು ಒದ್ದೆ ಸೊಪ್ಪಿನಡಿ ಕಪ್ಪಾಗಿ ಸತ್ತಿದ್ದವು. ಉಳಿದವು ಒಂದೊಂದು ದಿನ ಒಂದೊಂದು ಗೂಡು ಕಟ್ಟುವಂಥವು, ಚಿಟ್ಟೆಗಳು ಒಟ್ಟಿಗೆ ಹೊರಬಂದು ಜೋಡಿಯಾಗದ ಕಾರಣ ಬಿತ್ತನೆಗೆ ಬಾರದಂಥವು. ಮೇಲಿನ ಮೂರು ತಟ್ಟೆಗಳ ಹುಳುಗಳಷ್ಟೇ ಒಟ್ಟಿಗೆ ಹಣ್ಣಾಗಿ ಹೊಳೆಯುತ್ತಿದ್ದವು.

ಅತ್ತೆ ಗೋಡೆ ನೋಡಿದಳು. ಇಪ್ಪತ್ತಾರು ಬೊಟ್ಟು, ಸಾಲಾಗಿ.

"ಒಂದು ದಿನಾನೂ ತಪ್ಪಿಸಿಲ್ಲ ಅತ್ತೆ," ಎಂದು ಸೊಸೆ ಅತ್ತಳು.

"ಕಾಣ್ತಿದೆಯಲ್ಲ. ಹುಳಕ್ಕೆ ಅಂತ ಇಟ್ಟಿದ್ದ ಸುಣ್ಣಾನ ಗೋಡೆಗೆ ತಿನ್ನಿಸಿದ್ದೀಯ."

"ಅವು ಏನೂ ಮಾಡ್ತಿರಲಿಲ್ಲ. ಕೈ ಕಟ್ಕೊಂಡು ನಾನು ಹೇಗಿರಲಿ?"

ಅತ್ತೆ ಅವಳ ತಲೆ ಸವರಿದಳು. "ಅವು ಚರ್ಮ ಬದಲಾಯಿಸ್ತಿದ್ದವು ಕಣೆ. ಅದಕ್ಕಿಂತ ದೊಡ್ಡ ಕೆಲಸ ಅವಕ್ಕೆ ಬೇರೆ ಇಲ್ಲ. ಪಕ್ಕದಲ್ಲಿ ನಿಂತಿರೋದೇ ಆವತ್ತಿನ ನಿನ್ನ ಕೆಲಸ."

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧ ಆತುರದಿಂದ ಹೇಳಿದ: "ತಿಳಿಯಿತು ಬುದ್ಧಿ. ಎರಡು ತುದಿ ಮಾತ್ರ ಬರೆದುಕೊಳ್ಳುತ್ತೇನೆ. ರುಚಿಯಿಲ್ಲದ ದಿನವೂ ನೂರೆಂಟೇ, ಹೆಚ್ಚು ತುರುಕುವುದಿಲ್ಲ. ಆ ಸೊಸೆ ಮಾಡಿದ ತಪ್ಪನ್ನು ನಾನು ಮಾಡುವುದಿಲ್ಲ. ಆದರೆ ಅಂಥ ದಿನ ಯಾರೂ ಇಲ್ಲದ ಕಡೆ ನನ್ನೊಬ್ಬನನ್ನೇ ಬಿಟ್ಟು ಹೋದ ಹಾಗಿರುತ್ತದೆ. ಅದಕ್ಕೇನು ಮಾಡಲಿ?"

ಗುರುಗಳು ಹೇಳಿದರು: "ಮಗು, ಈ ಕತೆಯಲ್ಲಿ ನೀನು ಸೊಸೆಯಲ್ಲ, ತಟ್ಟೆಯಲ್ಲಿ ತಲೆಯೆತ್ತಿ ನಿಂತಿರುವ ಹುಳು."

ಮರುಳಸಿದ್ಧ ಮತ್ತೆ ಏಳಲಿಲ್ಲ. ಕೂತಲ್ಲೇ ಕೂತಿದ್ದ.

ಈ ಕತೆಗೆ ಕಿವಿಗೊಟ್ಟ ತಾಯಂದಿರೇ, ಅಣ್ಣಂದಿರೇ, ನಿಮ್ಮ ಹಸಿವು ಅದರ ಹೊತ್ತಿಗೆ ತಾನಾಗಿ ಏಳಲಿ. ಏಳುವ ತನಕ ಪಕ್ಕದಲ್ಲಿ ನಿಂತು ಕಾಯುವ ಪರಶಿವನ ಕಣ್ಣು ನಿಮ್ಮೆಲ್ಲರ ಮೇಲಿರಲಿ.