ಡಂಗುರದವನಿಗೂ ಕ್ಷಮೆ

ಕಣಿವೆಕೋಟೆಯಲ್ಲಿ ದೊರೆಯ ಆಜ್ಞೆ ಜಾರಿಯಾಗಬೇಕಾದರೆ ಬೀದಿಯಲ್ಲಿ ಡಂಗುರ ಸಾರಲೇಬೇಕು. ಒಮ್ಮೆ ಆಸ್ಥಾನದಲ್ಲಿ ಜೋರು ಚರ್ಚೆ ನಡೆಯಿತು. ರಹದಾರಿ ಚೀಟಿಯಿಲ್ಲದೆ ಹೊಳೆ ದಾಟಿ ಬಂದು ನೆಲೆಸಿದವರನ್ನು ಕ್ಷಮಿಸಬೇಕೇ, ಹೊರಗಟ್ಟಬೇಕೇ?

"ಇಲ್ಲೇ ದುಡಿದಿದ್ದಾರೆ, ಇಲ್ಲೇ ಮಕ್ಕಳನ್ನು ಹೆತ್ತಿದ್ದಾರೆ, ಇರಲಿ" ಎಂದರು ಕೆಲವರು.

ದಿವಾನ ಚೆನ್ನವೀರಯ್ಯ ಮೀಸೆ ತಿರುವಿದ. "ಕದ್ದು ಬಂದವನು ಮಾಡಿದ್ದೆಲ್ಲ ಅಸಿಂಧು. ಹೊರಗಟ್ಟಿ!"

ದೊರೆ ಒಪ್ಪಿದ. ಡಂಗುರದವನನ್ನು ಕರೆಸಿದರು. ಅವನು ತಮಟೆ ಕೆಳಗಿಟ್ಟು ತಲೆ ಕೆರೆದುಕೊಂಡ.

"ಏನೋ, ಬಾರಿಸುವುದು ಮರೆತುಹೋಯಿತೇ?" ಎಂದ ದಿವಾನ.

"ಅದು ನನಗೆ ಯಾವತ್ತೂ ಬಂದಿಲ್ಲ, ಬುದ್ಧೀ. ನಾನು ತಮಟೆ ಮುಟ್ಟಿದರೆ ಬೀದಿನಾಯಿಗಳೂ ಊರು ಬಿಡುತ್ತವೆ ಅನ್ನುತ್ತಾಳೆ ಹೆಂಡತಿ. ಕಷ್ಟ ಅದಲ್ಲ. ನಾನೂ ಚೀಟಿಯಿಲ್ಲದೆ ಬಂದವನೇ. ಈಜು ಬಾರದೆ ಈ ತಮಟೆಯನ್ನೇ ತಬ್ಬಿಕೊಂಡು ಹೊಳೆಯಲ್ಲಿ ತೇಲಿಬಂದೆ."

"ಹಾಗಾದರೆ ನೀನೂ ತೊಲಗು!"

"ತೊಲಗುತ್ತೇನೆ. ಆದರೆ ಕದ್ದು ಬಂದವನು ಮಾಡಿದ್ದೆಲ್ಲ ಅಸಿಂಧು ಅಂದಿರಿ. ಅಂದರೆ ಈ ಕತ್ತೆ ಇದುವರೆಗೆ ಅರಚಿದ ಯಾವ ಆಜ್ಞೆಯೂ ಆಜ್ಞೆಯಲ್ಲ. ಹೋದ ಯುಗಾದಿಗೆ ತಾವು ದಿವಾನರಾದಿರಿ ಅಂತ ಬೀದಿಬೀದಿಯಲ್ಲಿ ಅರಚಿದ್ದೂ ಇದೇ ಕತ್ತೆ."

ಸಭೆ ಗೊಳ್ಳೆಂದು ನಕ್ಕಿತು. ದಿವಾನ ಎರಡೂ ಕೈಯಿಂದ ಪೇಟ ಹಿಡಿದುಕೊಂಡ.

"ಕ್ಷಮಿಸಿಬಿಡಿ ಪ್ರಭು, ಎಲ್ಲರನ್ನೂ ಕ್ಷಮಿಸಿಬಿಡಿ. ಬೇಗ!"

ದೊರೆ ನಗು ತಡೆದುಕೊಂಡು, "ಎಲ್ಲರಿಗೂ ಕ್ಷಮೆ ಎಂದು ಸಾರು, ಹೋಗು" ಎಂದ.

ಡಂಗುರದವನು ತಮಟೆ ಎತ್ತಲಿಲ್ಲ. "ಮೊದಲು ನನ್ನೊಬ್ಬನನ್ನು ಇಲ್ಲೇ ಕ್ಷಮಿಸಿ, ಬುದ್ಧೀ. ಇಲ್ಲದಿದ್ದರೆ ಇದೂ ಕತ್ತೆಯ ಕೂಗೇ ಆದೀತು."